ಯಾರು ಕರೆದರೂ ನಿಲ್ಲಬೇಡ

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇಂದಿಗೂ ವಾಕರಿಕೆ ಬರುತ್ತದೆ. ಥೂ! ಗುರುಸಿದ್ದಯ್ಯನ ಕಥೆ ಕೇಳಿದ ಮೇಲೆ ನಿಮಗೂ ಬಂದರೆ ನನ್ನನ್ನು ಬೈಯಬೇಡಿ.

ಎಂಬತ್ತೈದರ ಸುಮಾರಿನಲ್ಲಿ ಅವನು ವಿಜಯನಗರದಲ್ಲಿ ನಮ್ಮ ಪಕ್ಕದ ಮನೆಯವನು. ಕೆಲಸ ಗುಮಾಸ್ತಿಕೆ, ಹುಚ್ಚು ಮಾತ್ರ ಓಟದ್ದು, ಸೈಕಲ್ಲಿನದು. ಬೆಳಗ್ಗೆ ಆಫೀಸಿಗೆ ಹೊರಡುವ ಮೊದಲು, ಕೇಳಿದವರಿಗೆಲ್ಲ ಕಲಿಸುತ್ತಿದ್ದ. ಹಾಗೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸೀಟಿ ಊದುವ ಡ್ರಿಲ್ ಮೇಷ್ಟ್ರಲ್ಲ. ಬಂದವರ ಮನೆಗೇ ಹೋಗಿ, ಅಡುಗೆಮನೆಗೆ ಇಣುಕಿ, ಏನು ತಿನ್ನುತ್ತಾರೆ, ಹೇಗೆ ನಡೆಯುತ್ತಾರೆ, ಚಪ್ಪಲಿಯ ಯಾವ ಮಗ್ಗುಲು ಸವೆದಿದೆ ಎಂದೆಲ್ಲ ನೋಡಿ, ಒಬ್ಬೊಬ್ಬರಿಗೆ ಒಂದೊಂದು ಪಾಠ. ಮಂಡಿನೋವಿನ ಬ್ಯಾಂಕ್ ನೌಕರನೊಬ್ಬನನ್ನು ಬರಿಗಾಲಲ್ಲಿ ಕೆರೆಯಂಗಳದಲ್ಲಿ ಓಡಿಸಿದ. ವಾರವೆಲ್ಲ ಉಪವಾಸ ಮಾಡುವ ನನ್ನ ಹೆಂಡತಿಯನ್ನು, "ಮೊದ್ಲು ಹೊಟ್ಟೆತುಂಬ ಮುದ್ದೆ ತಿನ್ನಿ ಅಕ್ಕಾ, ಆಮೇಲೆ ಓಡೋದು" ಎಂದು ವಾಪಸ್ ಕಳಿಸಿದ. ಜನರ ತಲೆ ತಿನ್ನುತ್ತಿದ್ದ ಎಂಬುದೂ ನಿಜವೇ.

ಅವನ ಕೈಗೆ ಸಿಕ್ಕವನು ಹೆಗ್ಗನಹಳ್ಳಿಯ ಹಾಲಿನ ಕೆಂಪಯ್ಯ. ಕ್ಯಾನು ನೇತುಹಾಕಿದ ಸೈಕಲ್ಲಿನಲ್ಲಿ ಮಾಗಡಿ ರಸ್ತೆಯ ಏರನ್ನು ಸೀಟಿನಿಂದ ಏಳದೆ ಹತ್ತುತ್ತಿದ್ದ ಗಟ್ಟಿಗ. ಕಾರ್ಖಾನೆಯೊಂದು ಸೈಕಲ್ ರೇಸ್ ಇಟ್ಟಿತ್ತು. ಗೆದ್ದವನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಖಾಯಂ ಕೆಲಸ. ಕೆಂಪಯ್ಯನ ವಯಸ್ಸಿಗೆ ಅದೇ ಕೊನೆಯ ಅವಕಾಶ. ತಪ್ಪಿದರೆ ಸಾಯುವ ತನಕ ಹಾಲಿನ ಕ್ಯಾನೇ ಗತಿ.

ಅವನಿಗೊಂದು ಚಾಳಿಯಿತ್ತು. ಮನೆಮನೆಗೆ ಹಾಲು ಹಾಕಿ ಹಾಕಿ, ಯಾರಾದರೂ "ಏ ಕೆಂಪಾ" ಎಂದರೆ ಸಾಕು, ಕಾಲು ತಾನಾಗಿ ನೆಲಕ್ಕೆ ಇಳಿಯುತ್ತಿತ್ತು. ಗುರುಸಿದ್ದಯ್ಯ ಇದಕ್ಕೂ ಮದ್ದು ಹುಡುಕಿದ. ಚಂದ್ರಾ ಲೇಔಟಿನ ಖಾಲಿ ರಸ್ತೆಗಳಲ್ಲಿ ಅವನನ್ನು ಸುತ್ತಿಸಿ, ಮೂಲೆಮೂಲೆಯಲ್ಲಿ ನಮ್ಮನ್ನು ನಿಲ್ಲಿಸಿ ಕೂಗಿಸಿದ.

"ಯಾರು ಕರೆದ್ರೂ ಕಾಲು ಇಳಿಸ್ಬೇಡ ಕಣೋ! ನಾನು ಕರೆದ್ರೂ ಅಷ್ಟೇ!"

ನಾನೂ ಗಂಟಲು ಹರಿಯುವಂತೆ ಕೂಗಿದ್ದೇನೆ. ಕೊನೆಕೊನೆಗೆ ಕೆಂಪಯ್ಯ ನಮ್ಮತ್ತ ತಿರುಗಿಯೂ ನೋಡುತ್ತಿರಲಿಲ್ಲ.

ರೇಸಿನ ದಿನ ಗುರುಸಿದ್ದಯ್ಯ ನನ್ನ ಸ್ಕೂಟರಿನ ಹಿಂದೆ ಕೂತಿದ್ದ. ತಾವರೆಕೆರೆಯಿಂದ ವಾಪಸ್ ತಿರುಗಿದಾಗ ಕೆಂಪಯ್ಯನೇ ಮುಂದೆ. ಎರಡನೆಯವನು ಎಲ್ಲೋ ಹಿಂದೆ ಉಳಿದಿದ್ದ. ಸುಂಕದಕಟ್ಟೆಯ ಹತ್ತಿರ ನೋಡುತ್ತೇವೆ, ರಸ್ತೆಗೆ ಅಡ್ಡವಾಗಿ ಬೆಂಚು! ಓಲಗ, ಆರತಿ ತಟ್ಟೆ, ಫೋಟೋಗ್ರಾಫರ್ ಸಮೇತ ವೆಂಕಟರಮಣಪ್ಪ ನಿಂತಿದ್ದ. ಹೊಲವನ್ನೆಲ್ಲ ಸೈಟು ಮಾಡಿ ಮಾರಿ, ಚುನಾವಣೆಗೆ ನಿಲ್ಲಲು ಹವಣಿಸುತ್ತಿದ್ದ ಹೆಗ್ಗನಹಳ್ಳಿಯ ಯಜಮಾನ.

"ನಮ್ಮೂರ ಹುಲಿ ಕಣ್ರೋ! ನಿಲ್ಲೋ ಕೆಂಪಾ, ಒಂದ್ ಹಾರ ಹಾಕಿಸ್ಕೊಂಡು ಹೋಗು!"

ಬೆಂಚಿನ ಪಕ್ಕ ಒಂದು ಸೈಕಲ್ ದಾಟುವಷ್ಟು ಸಂದಿಯಿತ್ತು. ಕೆಂಪಯ್ಯ ಬ್ರೇಕ್ ಹಿಡಿದ. ಗುರುಸಿದ್ದಯ್ಯ ಸ್ಕೂಟರಿನಿಂದ ಧುಮುಕಿ, "ಬಿಡ್ರೀ ಅವನನ್ನ!" ಎಂದು ಅರಚುತ್ತ ಓಡಿದ.

"ಬನ್ನಿ ಗುರುಗಳೇ, ಮೊದಲು ನಿಮಗೇ" ಎಂದು ವೆಂಕಟರಮಣಪ್ಪ ಮೈಸೂರು ಪೇಟ ಎತ್ತಿದ.

ಗುರುಸಿದ್ದಯ್ಯನ ಓಟ ಅಲ್ಲೇ ನಿಂತಿತು. ಎರಡೂ ಕೈ ಮುಗಿದು ಪೇಟಕ್ಕೆ ತಲೆಯೊಡ್ಡಿದ. ಆಫೀಸಿನಲ್ಲಾಗಲಿ ಓಣಿಯಲ್ಲಾಗಲಿ ಯಾರೂ ಅವನಿಗೆ ಹಾರ ಹಾಕಿದವರಲ್ಲ, ನಿಜ. ಆದರೂ ಆ ಮುಖದಲ್ಲಿ ಮೂಡಿದ ಹಲ್ಲುಗಿಂಜು ನಗೆ ನೆನೆದರೆ ನನಗೆ ಮೈ ಪರಚಿಕೊಳ್ಳುವಷ್ಟು ಅಸಹ್ಯವಾಗುತ್ತದೆ. ಫೋಟೋಗ್ರಾಫರ್ "ಸ್ವಲ್ಪ ಈ ಕಡೆ ಸಾರ್" ಎಂದ. ಈ ಮಹಾಶಯ ಆ ಕಡೆಗೂ ತಿರುಗಿದ! ಅಷ್ಟರಲ್ಲಿ ಎರಡನೆಯವನು ಸಂದಿಯಲ್ಲಿ ನುಗ್ಗಿ ಹೋದ. ಅವನ ಬೆನ್ನಿಗೇ ಮೂರನೆಯವನು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಆರತಿ ಎತ್ತಿಕೊಂಡೇ ಕಿತ್ತುಕೊಂಡ.

ಕೆಂಪಯ್ಯ ಮೂರನೆಯವನಾಗಿ ಬಂದ. ಕೆಲಸ ಹೋಯಿತು. ಗುರುಸಿದ್ದಯ್ಯ, ಪೇಟ ಇನ್ನೂ ತಲೆಯ ಮೇಲಿರುವಾಗಲೇ, ಅವನ ಮೇಲೆ ರೇಗಿದ.

"ಸಂದಿ ಇತ್ತಲ್ಲೋ! ಅಷ್ಟೆಲ್ಲ ಹೇಳಿಕೊಟ್ಟಿದ್ನಲ್ಲ, ಯಾಕೋ ಇಳಿದೆ?"

ಕೆಂಪಯ್ಯ ಕತ್ತಿಗೆ ಅಂಟಿದ್ದ ಚೆಂಡುಹೂವಿನ ಎಸಳು ಒರೆಸಿಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದು ಕಾಲು ಪೆಡಲ್ ಮೇಲೇ ಇಟ್ಕೊಂಡಿದ್ದೆ ಸಾರ್. ನೀವು ತಲೆ ಬಗ್ಗಿಸಿದ್ರಲ್ಲ, ಆಮೇಲೆ ಅದನ್ನೂ ಇಳಿಸಿದೆ."