ಖಾಲಿಯಾಗದ ಹುದ್ದೆ

ಊರೆಲ್ಲ ಅವರನ್ನು ‘ಮೇಷ್ಟ್ರು’ ಎನ್ನುತ್ತದೆ. ಹದಿನೈದು ವರ್ಷ ಅವರು ಚಾಕ್‌ಪೀಸ್ ಮುಟ್ಟಲಿಲ್ಲ. ಅಷ್ಟೂ ವರ್ಷ ಅವರ ಪಾಠ ಮಾಡಿದವಳು ನಾನು. ನನ್ನನ್ನು ಯಾರೂ ಏನೂ ಎನ್ನುವುದಿಲ್ಲ.

ಮೇಷ್ಟ್ರದು ಅರ್ಥಶಾಸ್ತ್ರದಲ್ಲಿ ಮೊದಲ ದರ್ಜೆ, ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಕಲಿಸುತ್ತಿದ್ದರು. ಮೊದಲ ಬೆಂಚಿನಲ್ಲಿ ಬಾಯಿ ಬಿಟ್ಟುಕೊಂಡು ಕೇಳಿದವಳು ನಾನೇ. ಅಧ್ಯಾಪಕರ ಸಂಘದ ಕಾರ್ಯದರ್ಶಿಯಾದರು, ಸಂಘದಿಂದ ಪಕ್ಷಕ್ಕೆ, ಪಕ್ಷದಿಂದ ಶಾಸನಸಭೆಗೆ ಹೋದರು. ಹೋಗುವಾಗ ರಾಜೀನಾಮೆ ಕೊಡಲಿಲ್ಲ. ಸಂಬಳವಿಲ್ಲದ ರಜೆ ಬರೆದುಕೊಟ್ಟರು. ಕಾಲೇಜಿನ ಆಡಳಿತ ಮಂಡಳಿಗೂ ಶಾಸಕರ ನಂಟು ಬೇಕಿತ್ತು. ಗೆದ್ದಾಗಲೆಲ್ಲ ರಜೆ ಮುಂದುವರಿಯಿತು. ಕಡತದಲ್ಲಿ ಹುದ್ದೆ ಅವರದು, ನಾನು ಬರೀ ಬದಲಿ. ಬದಲಿಯವರಿಗೆ ಬೇಸಿಗೆಯಲ್ಲಿ ಸಂಬಳವಿಲ್ಲ, ಸ್ಟಾಫ್ ರೂಮಿನಲ್ಲಿ ಬೀರುವಿಲ್ಲ. ಅವರ ಬೀರುವಿಗೆ ಅವರದೇ ಬೀಗ ತೂಗುತ್ತಿತ್ತು. ನನ್ನ ಪುಸ್ತಕಗಳು ಕಿಟಕಿಯ ಕಟ್ಟೆಯ ಮೇಲೆ ಧೂಳು ತಿನ್ನುತ್ತಿದ್ದವು.

ನಲವತ್ತೈದು ತುಂಬಿದವರನ್ನು ಕಾಯಂ ಮಾಡುವಂತಿಲ್ಲ, ಅದು ನಿಯಮ. ಮೂವತ್ತೊಂಬತ್ತಾದಾಗ ನಾಚಿಕೆ ಬಿಟ್ಟು ಅವರ ಮನೆಗೆ ಹೋದೆ.

“ಸರ್, ಆ ಹುದ್ದೆ ಬಿಟ್ಕೊಟ್ರೆ ನಂಗೆ ಕಾಯಂ ಆಗುತ್ತೆ.”

“ಅಲ್ಲಮ್ಮ, ನಾಳೆ ಸೋತ್ರೆ ನನ್ನ ಗತಿ ಏನು? ಇದೊಂದು ಚುನಾವಣೆ ಮುಗೀಲಿ. ನೀನು ನನ್ನ ಮಗಳಿದ್ದ ಹಾಗೆ.”

ಮಗಳ ಮೂಗಿಗೆ ತುಪ್ಪ ಸವರಿ ಕಳಿಸಿದರು. ಸ್ವಂತ ಮಗಳಿಗೆ ಅದೇ ವರ್ಷ ಸರ್ಕಾರಿ ಇಲಾಖೆಯಲ್ಲಿ ಕೆಲಸವಾಯಿತು. ಚುನಾವಣೆಯನ್ನೂ ಗೆದ್ದರು. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಮುಳುಗುವುದು ಎರಡನೇ ದೋಣಿಗೆ ಹುಟ್ಟು ಹಾಕುತ್ತಿರುವವರು.

ಹೋದ ಸಲ ಸೋತರು. ನನಗೆ ಖುಷಿಯಾಯಿತು, ಮುಚ್ಚಿಡುವುದೇನಿದೆ? ಶಾಸಕರ ಪಿಂಚಣಿ ಬರುತ್ತದೆ, ನಿವೃತ್ತಿಗೆ ಹನ್ನೊಂದೇ ತಿಂಗಳು, ಇನ್ನಾದರೂ ಬಿಟ್ಟಾರು ಅಂದುಕೊಂಡೆ. ನನಗೆ ನಲವತ್ತೈದು ತುಂಬಲು ಏಳು ತಿಂಗಳಿತ್ತು. ಮರುವಾರವೇ ಇಸ್ತ್ರಿ ಮುರಿಯದ ಅಂಗಿ ತೊಟ್ಟು ಸ್ಟಾಫ್ ರೂಮಿನಲ್ಲಿ ಬಂದು ಕೂತರು.

“ಮನೇಲಿ ಹೊತ್ತೇ ಹೋಗಲ್ಲಮ್ಮ,” ಎಂದರು.

ನಾಳೆಯಿಂದ ಬರುವುದು ಬೇಡ ಎಂದು ಪ್ರಿನ್ಸಿಪಾಲರು ನೆಲ ನೋಡುತ್ತ ಹೇಳಿದರು. ಪುಸ್ತಕ ಎತ್ತಿಕೊಳ್ಳುತ್ತಿದ್ದಾಗ ಮೇಷ್ಟ್ರು ಹತ್ತಿರ ಬಂದರು.

“ನಿನ್ನ ನೋಟ್ಸ್ ಬಿಟ್ಟು ಹೋಗಮ್ಮ. ಸಿಲಬಸ್ ಎಲ್ಲಾ ಬದಲಾಗಿದೆಯಂತೆ.”

“ಕೊಡಲ್ಲ ಸರ್.”

“ಯಾಕಮ್ಮ, ಕೋಪಾನಾ?”

“ಹೌದು ಸರ್.”

ಸಭೆಯಲ್ಲಿ ಅಡ್ಡ ಪ್ರಶ್ನೆ ಕೇಳಿದವರಿಗೆ ನಗುವ ನಗೆ ನಕ್ಕರು.

ಏಳು ತಿಂಗಳು ಹೇಗೋ ತಳ್ಳಿದರಂತೆ. ಪಾಠದ ಬದಲು ಭಾಷಣ, ಹಿಂದಿನ ಬೆಂಚಿನವರಿಂದ ಚಪ್ಪಾಳೆ. ಪರೀಕ್ಷೆ ಹತ್ತಿರವಾದಾಗ ಬೆನ್ನುನೋವೆಂದು ರಜೆ ಹಾಕಿದರು, ಈ ಸಲ ಸಂಬಳದ ರಜೆ. ಪ್ರಿನ್ಸಿಪಾಲರು ನನಗೆ ಫೋನ್ ಮಾಡಿದರು.

“ಎರಡು ತಿಂಗಳು ಬಂದು ಪೋರ್ಷನ್ ಮುಗಿಸ್ಕೊಡ್ತೀರಾ ಮೇಡಂ? ಮಕ್ಕಳು ಪಾಪ.”

ನಲವತ್ತೈದು ತುಂಬಿ ಎಂಟು ದಿನವಾಗಿತ್ತು. ತಟ್ಟೆಯ ಮುಂದೆ ಕೂತಿದ್ದ ಗಂಡ ‘ಹೋಗ್ಬೇಡ’ ಎಂದು ಕೈಯಾಡಿಸಿದರು. ಮನೆ ಬಾಡಿಗೆ ನೆನಪಾಯಿತು.

“ಬರ್ತೀನಿ ಸರ್,” ಎಂದೆ.

ಹದಿನೈದು ವರ್ಷದಲ್ಲಿ ಮೇಷ್ಟ್ರ ಮೇಲೆ ಬಾರದಷ್ಟು ಸಿಟ್ಟು ಆ ಒಂದು ಮಾತಿಗೆ ನನ್ನ ಮೇಲೇ ಬಂತು.