ನಾಲ್ಕನೆಯ ಅಂಗಿಯ ಕಾಜಾ

ಬೀದಿಯವರೆಲ್ಲ ಅವಳನ್ನು ಕರೆಯುವುದು ಕಾಜಾ ಅಕ್ಕ ಎಂದು. ಅಂಗಿಯಲ್ಲಿ ಗುಂಡಿ ತೂರಿಸುವ ಕಂಡಿ ಇದೆಯಲ್ಲ, ಆ ಕಾಜಾವನ್ನು ಕೈಯಲ್ಲೇ ಹೊಲಿಯುವುದು ಅವಳ ಕಸುಬು. ಯಂತ್ರ ಬಂದು ಎಷ್ಟೋ ವರ್ಷವಾಯಿತು. ಆದರೂ ಮೂಲೆ ಅಂಗಡಿಯ ಟೈಲರ್ ಒಳ್ಳೆಯ ಅಂಗಿಗಳನ್ನು ಅವಳಿಗೇ ಕೊಡುತ್ತಿದ್ದ. ದಿನಾ ಸಂಜೆ ನಾಲ್ಕಕ್ಕೆ ಬಂದು ಆದದ್ದನ್ನು ಒಯ್ದು, ಹೊಸ ಗಂಟು ಇಟ್ಟು ಹೋಗುತ್ತಿದ್ದ. ಗಂಡ ತೀರಿಕೊಂಡು ಹನ್ನೆರಡು ವರ್ಷ, ಮಕ್ಕಳಿಲ್ಲ. ಟೈಲರ್ ಬರುವ ಆ ಐದು ನಿಮಿಷ ಬಿಟ್ಟರೆ ದಿನವಿಡೀ ಅವಳ ಬಾಯಿಗೆ ಕೆಲಸವಿರಲಿಲ್ಲ.

ಆ ದಿನವೂ ಏಳಕ್ಕೆ ಕಿಟಕಿಯ ಬಳಿ ಕುಳಿತಳು. ಮೂರು ಅಂಗಿ ಮುಗಿಯಿತು. ನಾಲ್ಕನೆಯದರ ಎರಡನೇ ಕಾಜಾ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಸೊಟ್ಟ. ಬಲಗೈ ಬೆರಳಿಂದ ಸೂಜಿ ಜಾರಿ ಜಾರಿ ಬೀಳುತ್ತಿತ್ತು. ಮನಸ್ಸಿನಲ್ಲೇ ದಾರವನ್ನು ಬೈದಳು, ಕನ್ನಡಕವನ್ನು ಬೈದಳು, ಕೊನೆಗೆ ವಯಸ್ಸನ್ನು ಬೈದಳು. ಉಳಿದ ಹೊತ್ತೆಲ್ಲ ಅದೊಂದರಲ್ಲೇ ಕಳೆಯಿತು. ಬಾಯಿಬಿಟ್ಟು ಬೈದಿದ್ದರೂ ಸಾಕಿತ್ತು, ನಾಲಿಗೆ ತೊದಲುತ್ತಿರುವುದು ಆಗಲೇ ಗೊತ್ತಾಗುತ್ತಿತ್ತು. ಯಾರೂ ಇಲ್ಲದ ಮನೆಯಲ್ಲಿ ಪಾಪ, ಯಾರ ಮೇಲೆ ಬಾಯಿ ಮಾಡುತ್ತಾಳೆ?

ನಾಲ್ಕಕ್ಕೆ ಟೈಲರ್ ಬಂದು ಅಂಗಿಗಳನ್ನು ಎತ್ತಿಕೊಂಡ. "ಏನಕ್ಕಾ, ಎಲ್ಲಾ ಆಯ್ತಾ?"

"ಇನ್ನೂ ಇಲ್ಲಪ್ಪ" ಎನ್ನಹೋದಳು. ಮಾತು ಬಾಯೊಳಗೇ ಮುದ್ದೆಯಾಯಿತು.

"ಈಗ ನಿದ್ದೆಯಿಂದ ಎದ್ರಾ?" ಎಂದು ನಕ್ಕವನು, ಅವಳ ಬಾಯಿಯ ಬಲಮೂಲೆ ಜೋತಿರುವುದು ಕಂಡು ಗಾಬರಿಯಾದ. ಅಂಗಿಗಳನ್ನು ಕೆಳಗಿಡುವುದನ್ನೂ ಮರೆತು ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ತಲೆಯ ಸ್ಕ್ಯಾನ್ ಆಯಿತು. "ಸಣ್ಣ ಸ್ಟ್ರೋಕು," ಎಂದರು ಡಾಕ್ಟರಮ್ಮ. "ಯಾವಾಗ ಶುರುವಾಯ್ತು? ಇವ್ರು ಚೆನ್ನಾಗಿದ್ದಿದ್ದನ್ನ ಕೊನೇಲಿ ನೋಡಿದೋರು ಯಾರು?"

"ನಾನೇ ಮೇಡಂ, ನಿನ್ನೆ ಸಂಜೆ," ಎಂದ ಟೈಲರ್.

"ಆಮೇಲೆ ಯಾರೂ ನೋಡಿಲ್ವಾ?"

ಯಾರೂ ನೋಡಿರಲಿಲ್ಲ. ಕೈ ಸೋತದ್ದಕ್ಕಿಂತ ಆ ಪ್ರಶ್ನೆಗೇ ಅವಳಿಗೆ ಹೆಚ್ಚು ಸಂಕಟವಾಯಿತು. ಟೈಲರ್ ಇನ್ನೂ ಹಿಡಿದೇ ಇದ್ದ ಅಂಗಿಗಳಿಂದ ನಾಲ್ಕನೆಯದನ್ನು ಎಡಗೈಯಿಂದ ಎಳೆದು, ಸೊಟ್ಟ ಕಾಜಾದ ಮೇಲೆ ಬೆರಳಿಟ್ಟಳು.

ಟೈಲರ್‌ಗೆ ಹೊಳೆಯಿತು. "ಅಕ್ಕ ಏಳಕ್ಕೆ ಕೂರ್ತಾರೆ. ಒಂದಂಗಿಗೆ ಮುಕ್ಕಾಲು ಗಂಟೆ. ಮೂರು ನೆಟ್ಟಗಿವೆ, ಇದನ್ನ ಹಿಡಿದಾಗ ಒಂಬತ್ತೂಕಾಲು ಆಗಿರುತ್ತೆ ಮೇಡಂ."

ಡಾಕ್ಟರಮ್ಮ ಗಡಿಯಾರ ನೋಡಿದರು. ಐದಾಗುತ್ತಿತ್ತು. "ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ನಿಗೆ, ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬರಬೇಕಿತ್ತಮ್ಮ. ಇರಲಿ, ಮಾತ್ರೆ ಈಗಲೇ ಶುರು ಮಾಡೋಣ. ಕೈ ಸುಧಾರಿಸುತ್ತೆ. ಇನ್ನೊಂದ್ಸಲ ಹೀಗಾದ್ರೆ ಮಾತ್ರ ಕಾಯ್ಬೇಡಿ."

ಮೂರು ತಿಂಗಳಿಗೆ ಮಾತು ಸರಿಹೋಯಿತು. ಕೈಯೂ ಬಂತು, ಪೂರ್ತಿ ಬರಲಿಲ್ಲ; ಈಗ ಒಂದಂಗಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಅವಸರದ ಅಂಗಿಗಳು ಯಂತ್ರಕ್ಕೆ ಹೋದವು. ಟೈಲರ್ ದಿನ ಬಿಟ್ಟು ದಿನ ಬರತೊಡಗಿದ. ಅವನನ್ನು ದೂರುವಂತೆಯೂ ಇಲ್ಲ.

ಈಗ ಬೆಳಿಗ್ಗೆ ಏಳಕ್ಕೆ ಹಾಲಿನವನು ಬಂದರೆ ಅವಳು ಬಾಗಿಲಿಗೆ ಬಂದು ಗಂಟೆ ಎಷ್ಟೆಂದು ಕೇಳುತ್ತಾಳೆ. ಹನ್ನೊಂದಕ್ಕೆ ಅಂಚೆಯವನನ್ನು ಕೇಳುತ್ತಾಳೆ, ಮೂರಕ್ಕೆ ಶಾಲೆ ಬಿಟ್ಟು ಬರುವ ಮೇಷ್ಟ್ರನ್ನು. ಹಗಲಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ನಾಲ್ಕೂವರೆ ಗಂಟೆ ದಾಟದಂತೆ ನೋಡಿಕೊಂಡಿದ್ದಾಳೆ. ಅಕ್ಕನಿಗೆ ಅರಳುಮರಳು ಎಂದು ಬೀದಿ ಆಡಿಕೊಂಡಿತು.

"ಮನೇಲಿ ಗಡಿಯಾರ ಇಲ್ವೇನಕ್ಕಾ?" ಎಂದು ಅಂಚೆಯವನು ಒಮ್ಮೆ ಕೇಳಿಯೇಬಿಟ್ಟ.

"ಇದೆಯಪ್ಪ," ಎಂದಳು. "ನೀನು ನನ್ನ ನೋಡಿದ ಗಂಟೆ ನೆನಪಿಟ್ಕೋ, ಅಷ್ಟೇ."

ಟೈಲರ್ ಬಾರದ ದಿನ, ಮೂರರ ನಂತರ ಮರುದಿನ ಏಳರವರೆಗೆ ಕೇಳಲು ಅವಳಿಗೆ ಯಾರೂ ಸಿಗುವುದಿಲ್ಲ.