ಪಟ್ಟಿಯಲ್ಲಿ ಹೆಸರಿಲ್ಲದ ಅಕ್ಕ

ಕೆಳಗಿನ ಮನೆಯ ಮಗುವಿಗೆ ಆರು ತಿಂಗಳು ತುಂಬಿದೆ. ಈಗ ದಿನಾ ಬೆಳಿಗ್ಗೆ ಹತ್ತರ ಹೊತ್ತಿಗೆ ರಾಗಿ ಸರಿ ಕಾಯಿಸುವ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯೊಳಗೆ ಬರುತ್ತದೆ. ಒಳ್ಳೆಯ ವಾಸನೆಯೇ. ಆದರೂ ನಾನು ಎದ್ದು ಹೋಗಿ ಕಿಟಕಿ ಮುಚ್ಚಿ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಜಯನಗರದಲ್ಲಿ ವಿಶೇಷ ಮಕ್ಕಳ ಸಣ್ಣ ಶಾಲೆಯೊಂದರಲ್ಲಿ ನನಗೆ ಕೆಲಸವಿತ್ತು. ಪಾಠ ಹೇಳುವ ಕೆಲಸವಲ್ಲ. ಅನುದಾನಕ್ಕೆ ಅರ್ಜಿ ಬರೆಯುವುದು, ಬಂದ ಮೇಲೆ ವರದಿ ಕಳಿಸುವುದು. ಅಲ್ಲಿಗೆ ಸಿದ್ದಾಪುರದಿಂದ ನಡೆದುಕೊಂಡೇ ಬರುತ್ತಿದ್ದ ಆಯಾ ಒಬ್ಬರಿದ್ದರು. ಮಕ್ಕಳು, ಟೀಚರುಗಳು, ನಾನು, ಎಲ್ಲರಿಗೂ ಅವರು ಅಕ್ಕ.

ಸೆರೆಬ್ರಲ್ ಪಾಲ್ಸಿ ಇದ್ದ ಏಳು ವರ್ಷದ ಹುಡುಗಿಯೊಬ್ಬಳು ಅಕ್ಕನ ಕೈಯಲ್ಲಿ ಮಾತ್ರ ನೆಮ್ಮದಿಯಾಗಿ ಉಣ್ಣುತ್ತಿದ್ದಳು. ಅವಳಿಗೆ ನುಂಗುವುದೇ ಕಷ್ಟ. ಅಕ್ಕ ಅವಳನ್ನು ನೆಟ್ಟಗೆ ಕೂರಿಸಿ, ಗಲ್ಲವನ್ನು ಚೂರು ಕೆಳಗೆ ಮಾಡಿ, ಅರ್ಧ ಚಮಚ ಸರಿ ಇಟ್ಟು, ಗಂಟಲ ಮೇಲೆ ಒಂದು ಬೆರಳಿಟ್ಟು ಕಾಯುತ್ತಿದ್ದರು. ನುಂಗಿದ್ದು ಬೆರಳಿಗೆ ಗೊತ್ತಾದ ಮೇಲೇ ಮುಂದಿನ ಚಮಚ. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ... ನನಗಾದರೆ ಫೋನು ನೋಡದೆ ಐದು ನಿಮಿಷ ಕೂರಲಾಗದು.

ಆ ವರ್ಷ, ಇಂಥ ಮಕ್ಕಳ ಸಹಾಯಕಿಯರಿಗೆ ತರಬೇತಿ ಕೊಡಿಸಲು ಅನುದಾನ ಕೇಳಿ ಅರ್ಜಿ ಬರೆದೆ. 'ನಮ್ಮ ಶಾಲೆಯ ವಿಧಾನ' ಎಂದು ನಾನು ಪುಟಗಟ್ಟಲೆ ಬರೆದದ್ದೆಲ್ಲ ಅಕ್ಕನ ಪಕ್ಕ ಕೂತು ನೋಡಿದ್ದೇ. ಅನುದಾನ ಬಂತು, ಷರತ್ತೂ ಬಂತು: ತರಬೇತಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ತರಬೇತಿ ಪಡೆದವರೇ ಮಕ್ಕಳನ್ನು ನೋಡಿಕೊಳ್ಳಬೇಕು. ಅಕ್ಕ ಓದಿದ್ದು ನಾಲ್ಕನೇ ಕ್ಲಾಸು.

"ಮೇಡಂ, ನನ್ ಹೆಸರೂ ಬರ್ಕೊಳಿ. ಸರ್ಟಿಫಿಕೇಟ್ ಇಲ್ದೋರು ಕ್ಲಾಸೊಳಗೆ ಬರಂಗಿಲ್ವಂತೆ. ಆ ಮಗೂನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"

"ನೋಡೋಣ ಅಕ್ಕ" ಎಂದೆ. ಈ ಊರಿನಲ್ಲಿ 'ನೋಡೋಣ' ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಅಕ್ಕ ಮಾತ್ರ ಅದನ್ನು ನಂಬಿದರು.

ಅನುದಾನ ಕೊಟ್ಟವರ ಕಡೆಯಿಂದ ಹಿರಿಯ ಮೇಡಂ ಒಬ್ಬರು ಪರಿಶೀಲನೆಗೆ ಬರುವ ದಿನ ನಾನು ಅಕ್ಕನನ್ನು ಕರೆದು, ಇವತ್ತೊಂದು ದಿನ ಅಡುಗೆಮನೆಯಿಂದ ಹೊರಗೆ ಬರಬೇಡಿ ಎಂದೆ. ಅವರು ರಾಗಿ ಸರಿ ಕಾಯಿಸಿ, ಬಟ್ಟಲಿಗೆ ಹಾಕಿ, ತರಬೇತಿಗೆ ಸೇರಿದ್ದ ಹೊಸ ಸಹಾಯಕಿಯ ಕೈಗೆ ಕೊಟ್ಟು ಒಳಗೇ ನಿಂತರು.

ಹೊಸಬಳಿಗೆ ಎದುರಿಗೆ ಕೂತ ಮೇಡಂ ಅವರ ಭಯ. ಅಕ್ಕ ಉಣಿಸುತ್ತಿದ್ದ ಆ ಮಗುವಿನ ಬಾಯಿಗೆ ಒಂದರ ಹಿಂದೆ ಒಂದು ಚಮಚ ಇಟ್ಟಳು. ಮೂರನೆಯದಕ್ಕೆ ಮಗು ಕೆಮ್ಮಿತು. ಆಮೇಲೆ ಕೆಮ್ಮೂ ನಿಂತಿತು, ಮುಖ ಕಪ್ಪಿಟ್ಟಿತು. ನಾವೆಲ್ಲ ಎದ್ದು ನಿಂತೆವು, ಅಷ್ಟೇ. ಓಡಿ ಬಂದವರು ಅಕ್ಕ. ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ನಾಲ್ಕು ಏಟು ಹಾಕಿದರು. ಗಂಟಲಲ್ಲಿದ್ದದ್ದು ಹೊರಗೆ ಬಿತ್ತು. ಮಗು ಜೋರಾಗಿ ಅತ್ತಿತು. ಅಕ್ಕ ಅದನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆಯೇ ಕೂತರು.

"ಇವರು ಯಾರು?" ಮೇಡಂ ಕೇಳಿದರು.

ತರಬೇತಿ ಇಲ್ಲದವರು ಮಕ್ಕಳನ್ನು ಮುಟ್ಟುತ್ತಾರೆಂದು ಗೊತ್ತಾಗಿ ಅನುದಾನವೇ ಹೋಗಿಬಿಟ್ಟರೆ... ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. "ಅಡುಗೆಯವರು ಮೇಡಂ" ಎಂದೆ. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು.

ಹೊರಡುವಾಗ ಗೇಟಿನ ಹತ್ತಿರ ಮೇಡಂ ನಿಂತರು. "ಆ ಅಡುಗೆಯವರ ಕೈ ನೋಡಿದ್ರಾ? ಮಕ್ಕಳ ಜೊತೆ ಅನುಭವ ಇರೋರಾಗಿದ್ರೆ ಓದಿಲ್ದಿದ್ರೂ ನಾವು ಸೇರಿಸ್ಕೋಬಹುದಿತ್ತು. ಸ್ಕೂಲಿನೋರು ಒಂದು ಲೆಟರ್ ಕೊಟ್ರೆ ಸಾಕು."

ಆಗಲಾದರೂ ಬಾಯಿ ಬಿಡಬಹುದಿತ್ತು. ಹೇಳಿದ ಸುಳ್ಳು ಹೊರಬೀಳುತ್ತದೆಂದು ನಾನು ನಕ್ಕು ಕೈ ಮುಗಿದೆ. ನನ್ನ ಬಗ್ಗೆ ನನಗೆ ಅಸಹ್ಯವಾಗುವುದು ಮೊದಲ ಮಾತಿಗಲ್ಲ, ಆ ನಗುವಿಗೆ.

ಅಕ್ಕ ಆ ತಿಂಗಳು ಮುಗಿಸಿ ಕೆಲಸ ಬಿಟ್ಟರು. ಮಗು ಬೇರೆ ಯಾರ ಕೈಯಲ್ಲೂ ಸರಿಯಾಗಿ ಉಣ್ಣಲಿಲ್ಲ, ಸೊರಗಿತು. ಅವಳ ತಾಯಿ ಶಾಲೆ ಬಿಡಿಸಿ ಮನೆಯಲ್ಲೇ ಇಟ್ಟುಕೊಂಡರು. ಅನುದಾನ ಮಾತ್ರ ಇನ್ನೆರಡು ವರ್ಷ ಮುಂದುವರಿಯಿತು. ನನ್ನನ್ನು ಎಲ್ಲರೂ ಹೊಗಳಿದರು...

ಹೋದ ವಾರ ಕೊನೆಗೂ ಸಿದ್ದಾಪುರಕ್ಕೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಅಕ್ಕನ ಮನೆ ಹುಡುಕಿದೆ. ಬಾಗಿಲು ತೆಗೆದದ್ದು ಅವರ ಮಗಳು. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು ಎಂದಳು. ಟೀ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನೂ, ಗೇಟಿನ ಹತ್ತಿರದ ಮಾತನ್ನೂ. ಅಮ್ಮ ಮನೆಯಲ್ಲಿ ಇದ್ಯಾವುದನ್ನೂ ಹೇಳಿರಲಿಲ್ಲವಂತೆ. ಅವಳು ಬೈಯಲಿಲ್ಲ.

"ನನಗೆ ಇಷ್ಟೆಲ್ಲಾ ಹೇಳಿದ್ರಲ್ಲ ಮೇಡಂ, ಅವತ್ತು ಗೇಟ್ ಹತ್ರ ಆ ದೊಡ್ಡ ಮೇಡಂಗೆ ಹೇಳೋಕಾಗ್ತಿರ್ಲಿಲ್ವಾ?" ಎಂದಷ್ಟೇ ಕೇಳಿದಳು.

ಆಗುತ್ತಿತ್ತು. ಒಂದು ನಿಮಿಷವೂ ಬೇಕಾಗಿರಲಿಲ್ಲ.